ಖಿನ್ನತೆಯಿಂದ ಚೇತರಿಸಿಕೊಳ್ಳುತ್ತಿರುವ ತಮ್ಮನಿಗೆ ಏನು ತಿನ್ನಿಸಲಿ?

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 26 ವರ್ಷ. ತೀವ್ರ ಖಿನ್ನತೆ ಎಂದು ಗೊತ್ತಾಗಿ ಮೂರು ತಿಂಗಳಿಂದ ಮನೋವೈದ್ಯರ ಚಿಕಿತ್ಸೆಯಲ್ಲಿದ್ದಾನೆ. ಮೊದಲಿಗಿಂತ ಎಷ್ಟೋ ವಾಸಿ. ಮಾತಾಡುತ್ತಾನೆ, ದಿನಾ ಸ್ನಾನ ಮಾಡುತ್ತಾನೆ. ಆದರೆ ಊಟದ ವಿಷಯದಲ್ಲಿ ಏನೂ ಸರಿಹೋಗಿಲ್ಲ. ಏಳುವುದೇ ಹತ್ತು ಗಂಟೆಗೆ. ಮಧ್ಯಾಹ್ನದವರೆಗೂ ಬರೀ ಕಾಫಿ, ಬಿಸ್ಕತ್ತು. ಎರಡು ಗಂಟೆಯ ಮೇಲೆ ಒಂದಿಷ್ಟು ಏನೋ ತಿಂದ ಶಾಸ್ತ್ರ ಮಾಡುತ್ತಾನೆ. ರಾತ್ರಿ ಹನ್ನೊಂದಾದ ಮೇಲೆ ಚಿಪ್ಸ್, ಬ್ರೆಡ್, ಐಸ್‌ಕ್ರೀಮ್, ಕೈಗೆ ಸಿಕ್ಕಿದ್ದೆಲ್ಲ ಹೋಗುತ್ತದೆ. ರಾತ್ರಿಗೆಂದು ಇನ್ನೊಂದು ಮಾತ್ರೆ ಸೇರಿಸಿದ ಮೇಲೆ ಈ ಹಸಿವು ಜಾಸ್ತಿಯಾಗಿದೆ, ತೂಕವೂ ಏರುತ್ತಿದೆ. ನೆಂಟರಲ್ಲಿ ಒಬ್ಬರು ಸಕ್ಕರೆ, ಹಾಲು, ಗೋಧಿ ಮೂರನ್ನೂ ಬಿಡಿಸಿ ಅನ್ನುತ್ತಾರೆ. ಇನ್ನೊಬ್ಬರು ಒಮೆಗಾ-3, ವಿಟಮಿನ್ ಡಿ ಕೊಟ್ಟರೆ ಸಾಕು, ಮಾತ್ರೆಯೇ ಬೇಡ ಅನ್ನುತ್ತಾರೆ. ನಾನು ಕೆಲಸಕ್ಕೆ ಹೋಗುವವಳು, ಅಮ್ಮನಿಗೆ ಅಷ್ಟು ಹುಷಾರಿಲ್ಲ. ಊಟದಿಂದ ಖಿನ್ನತೆ ವಾಸಿಯಾಗುತ್ತದೆಯೇ? ಮಾತ್ರೆ ಕಡಿಮೆ ಮಾಡಬಹುದೇ? ಅವನಿಗೆ ಏನು ತಿನ್ನಿಸಲಿ?

ಉತ್ತರ: ಮಾತ್ರೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ಕಾಯುವಂಥದ್ದಲ್ಲ. ದಯವಿಟ್ಟು ನೀವಾಗಿ ಕಡಿಮೆ ಮಾಡಬೇಡಿ. ಖಿನ್ನತೆಯ ಮಾತ್ರೆಗಳನ್ನು ಲಕ್ಷಣಗಳೆಲ್ಲ ಹೋದ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸುತ್ತಾರೆ. ಆಮೇಲೂ ನಿಲ್ಲಿಸುವುದು ವೈದ್ಯರು ಹೇಳಿದಂತೆ, ಹಂತಹಂತವಾಗಿ. ನಿಮ್ಮ ತಮ್ಮ ಇನ್ನೂ ಅರ್ಧ ದಾರಿಯಲ್ಲಿದ್ದಾರೆ. ಈಗ ಏಕಾಏಕಿ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡಿಮಿಡಿ ಕಾಣಿಸಿಕೊಳ್ಳಬಹುದು. ಅದರ ಬೆನ್ನಿಗೇ ಕಾಯಿಲೆ ಮರುಕಳಿಸಲೂಬಹುದು. ಮನೋರೋಗಿಗಳ ಜೊತೆಯಲ್ಲೇ ಕೆಲಸ ಮಾಡುವ ಆಹಾರ ತಜ್ಞೆಯಾಗಿ ಊಟದ ಮೇಲೆ ನನಗಿರುವ ನಂಬಿಕೆ ದೊಡ್ಡದು. ಆದರೂ ಯಾವ ಸೊಪ್ಪು, ಯಾವ ಎಣ್ಣೆ, ಯಾವ ಪುಡಿಯೂ ಆ ಮಾತ್ರೆಯ ಜಾಗ ತುಂಬುವುದಿಲ್ಲ.

ಹಾಗಾದರೆ ಊಟದಿಂದ ಪ್ರಯೋಜನ ಇದೆಯೇ ಎಂದರೆ, ಖಂಡಿತ ಇದೆ. 2017ರಲ್ಲಿ ಆಸ್ಟ್ರೇಲಿಯಾದ ಫೆಲೀಸ್ ಜಾಕಾ ಮತ್ತು ಅವರ ತಂಡ 'ಸ್ಮೈಲ್ಸ್' ಎಂಬ ಅಧ್ಯಯನ ಪ್ರಕಟಿಸಿತು. ಅದರಲ್ಲಿ ಇದ್ದವರು 67 ಮಂದಿ. ಎಲ್ಲರಿಗೂ ಮಧ್ಯಮದಿಂದ ತೀವ್ರ ಮಟ್ಟದ ಖಿನ್ನತೆ, ಎಲ್ಲರ ಊಟವೂ ಹದಗೆಟ್ಟಿತ್ತು, ಹೆಚ್ಚಿನವರು ಮಾತ್ರೆಯನ್ನೋ ಮಾತಿನ ಚಿಕಿತ್ಸೆಯನ್ನೋ ಪಡೆಯುತ್ತಿದ್ದರು. 12 ವಾರಗಳ ಕಾಲ ಅರ್ಧ ಜನರಿಗೆ ಆಹಾರ ತಜ್ಞರ ಭೇಟಿ, ಉಳಿದರ್ಧಕ್ಕೆ ಅಷ್ಟೇ ಹೊತ್ತು ಜೊತೆಗೆ ಕೂತು ಮಾತಾಡುವ, ಆಟವಾಡುವ ಸಾಂಗತ್ಯ. ತರಕಾರಿ, ಹಣ್ಣು, ಇಡಿಧಾನ್ಯ, ಕಾಳು, ಮೀನು, ಬೀಜಗಳು, ಆಲಿವ್ ಎಣ್ಣೆ ಹೆಚ್ಚಾಗಿದ್ದ ಊಟ ಮಾಡಿದವರಲ್ಲಿ ಸುಮಾರು ಶೇ 32 ಮಂದಿ ಕೊನೆಗೆ ಖಿನ್ನತೆಯ ಲಕ್ಷಣಗಳಿಂದ ಬಹುಮಟ್ಟಿಗೆ ಹೊರಬಂದಿದ್ದರು. ಸಾಂಗತ್ಯದ ಗುಂಪಿನಲ್ಲಿ ಹಾಗೆ ಹೊರಬಂದವರು ಶೇ 8. ನನಗೆ ಬಹಳ ಮುಖ್ಯವೆನಿಸುವುದು ಅದರ ಇನ್ನೊಂದು ವಿವರ. ತೂಕ ಇಳಿಸಲು ಯಾರಿಗೂ ಹೇಳಿರಲಿಲ್ಲ. ಹಸಿವಾದಷ್ಟು ತಿನ್ನಿ ಎಂದೇ ಹೇಳಿದ್ದರು. ತೂಕ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು, ಮನಸ್ಸು ಮಾತ್ರ ಹಗುರಾಯಿತು.

ಇದನ್ನು ಹಿಡಿದುಕೊಂಡು ಕುಣಿಯಬೇಕಾಗಿಲ್ಲ. ಅಧ್ಯಯನ ಚಿಕ್ಕದು, ತಾವು ಯಾವ ಗುಂಪಿನಲ್ಲಿದ್ದೇವೆಂದು ಭಾಗವಹಿಸಿದವರಿಗೆ ತಿಳಿದೇ ಇತ್ತು. 2019ರಲ್ಲಿ ಬಂದ 'ಮೂಡ್‌ಫುಡ್' ಎಂಬ ಯುರೋಪಿನ ಅಧ್ಯಯನ ಇದಕ್ಕಿಂತ ಎಷ್ಟೋ ದೊಡ್ಡದು. ತೂಕ ಹೆಚ್ಚಿದ್ದ, ಆದರೆ ಆಗ ಪೂರ್ಣ ಖಿನ್ನತೆಗೆ ಜಾರದಿದ್ದ 1,025 ಜನರಿಗೆ ಪೋಷಕಾಂಶದ ಮಾತ್ರೆ ಮತ್ತು ಆಹಾರದ ಸಲಹೆ ಕೊಟ್ಟು ಒಂದು ವರ್ಷ ನೋಡಿದರು. ಖಿನ್ನತೆ ಬರುವುದನ್ನು ಎರಡೂ ತಡೆಯಲಿಲ್ಲ. ನಾನು ಇವೆರಡನ್ನೂ ಒಟ್ಟಿಗೆ ಓದಿಕೊಳ್ಳುವುದು ಹೀಗೆ: ಕಾಯಿಲೆ ಈಗಾಗಲೇ ಇದ್ದು, ಚಿಕಿತ್ಸೆ ನಡೆಯುತ್ತಿದ್ದು, ಊಟ ನಿಜವಾಗಿಯೂ ಹಾಳಾಗಿರುವವರಿಗೆ ಊಟ ಸರಿಪಡಿಸಿದರೆ ಚೇತರಿಕೆಗೆ ಬಲ ಬರುವ ಸಾಧ್ಯತೆ ಹೆಚ್ಚು. ನಿಮ್ಮ ತಮ್ಮ ಸರಿಯಾಗಿ ಆ ಗುಂಪಿನವರು.

ಈಗ ಆ ನೆಂಟರ ಸಲಹೆಗೆ ಬರೋಣ. ಸಕ್ಕರೆ, ಹಾಲು, ಗೋಧಿ ಮೂರನ್ನೂ ಒಟ್ಟಿಗೆ ಬಿಡಿಸಿದರೆ ಮನೆಯಲ್ಲಿ ತಿನ್ನಲು ಉಳಿಯುವುದೇನು? ಅಡುಗೆ ಮಾಡುವ ತ್ರಾಣವೇ ಇಲ್ಲದವರಿಗೆ ಸುಲಭವಾಗಿ ಸಿಗುವ ಅರ್ಧ ಪದಾರ್ಥಗಳನ್ನು ಕಿತ್ತುಕೊಂಡಂತಾಗುತ್ತದೆ. ಕೊನೆಗೆ ಅವರು ತಿನ್ನುವುದನ್ನೇ ಬಿಡುತ್ತಾರೆ. ಹಸಿವು ಮನಸ್ಸಿಗೆ ಏನು ಮಾಡುತ್ತದೆ ಎನ್ನುವುದಕ್ಕೆ ಹಳೆಯದೊಂದು ಪ್ರಯೋಗವಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಂಡಸರ ಮೇಲೆ ನಡೆಸಿದ್ದು. ಎಲ್ಲರೂ ತಾವಾಗಿಯೇ ಮುಂದೆ ಬಂದವರು, ದೇಹ ಮತ್ತು ಮನಸ್ಸು ಎರಡೂ ಗಟ್ಟಿಯಾಗಿವೆ ಎಂದು ಪರೀಕ್ಷಿಸಿ ಆರಿಸಿದವರು. ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ. ದೇಹದ ತೂಕ ಕಾಲುಭಾಗದಷ್ಟು ಇಳಿಯಿತು. ಅದರ ಜೊತೆಗೆ ಮಂಕು, ಸಿಡುಕು, ಯಾರ ಸಹವಾಸವೂ ಬೇಡ ಎನ್ನುವ ಸ್ಥಿತಿ, ಯಾವುದರಲ್ಲೂ ಗಮನ ನಿಲ್ಲದಿರುವುದು. ಹಗಲೂ ರಾತ್ರಿ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದರು. ಊಟ ಮರಳಿ ಕೊಟ್ಟ ಮೇಲೂ ಎಷ್ಟೋ ಜನರಿಗೆ ಬಹುಕಾಲ ಹೊಟ್ಟೆ ತುಂಬಿದ ತೃಪ್ತಿಯೇ ಬರಲಿಲ್ಲ. ಮನೋರೋಗದ ಸುಳಿವೇ ಇಲ್ಲದವರಿಗೆ ಬರೀ ಹಸಿವು ಇಷ್ಟನ್ನೂ ತಂದಿತು. ಈಗಾಗಲೇ ಸೋತಿರುವ ಮನಸ್ಸಿನ ಮೇಲೆ ಅದನ್ನು ಹೇರುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಆದ್ದರಿಂದ ಚೇತರಿಕೆಯ ಮೊದಲ ತಿಂಗಳುಗಳಲ್ಲಿ ನಾನು ಯಾವುದನ್ನೂ ಬಿಡಿಸುವುದಿಲ್ಲ, ಸೇರಿಸುತ್ತೇನೆ. ಗೋಧಿಯ ಅಂಟಿನಂಶ ಒಗ್ಗದ ಸೀಲಿಯಾಕ್ ಕಾಯಿಲೆಯೋ ಹಾಲು ಜೀರ್ಣವಾಗದ ತೊಂದರೆಯೋ ಇರುವುದು ಖಚಿತವಾಗಿದ್ದರೆ ಆ ಮಾತು ಬೇರೆ.

ನಿಮ್ಮ ತಮ್ಮನ ತೂಕ ಏರುತ್ತಿದೆ ಅಂದರೆ ದಿನಕ್ಕೆ ಹೋಗುವ ಒಟ್ಟು ಆಹಾರ ಕಡಿಮೆಯಿಲ್ಲ. ಹೋಗುತ್ತಿರುವ ಹೊತ್ತು ತಪ್ಪಿದೆ. ಅವರ ದಿನವನ್ನು ನೀವು ಬರೆದ ಹಾಗೇ ಇಟ್ಟುಕೊಂಡು ನೋಡಿ. ಹತ್ತಕ್ಕೆ ಎದ್ದು ಖಾಲಿ ಹೊಟ್ಟೆಗೆ ಕಾಫಿ. ಅದು ಇದ್ದಬದ್ದ ಹಸಿವನ್ನೂ ಅಡಗಿಸುತ್ತದೆ. ಇನ್ನೊಂದು ಕಾಫಿ, ನಾಲ್ಕು ಬಿಸ್ಕತ್ತು. ಹನ್ನೆರಡರ ಹೊತ್ತಿಗೆ ಕೈ ಸಣ್ಣಗೆ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ, ಏನೋ ಆಗಿಬಿಡುತ್ತದೆ ಎಂಬ ದಿಗಿಲು ಶುರುವಾಗುತ್ತದೆ. ಇದರಲ್ಲಿ ಕಾಯಿಲೆಯ ಪಾಲೆಷ್ಟು, ಕಾಫಿಯ ಪಾಲೆಷ್ಟು, ಹಸಿವಿನ ಪಾಲೆಷ್ಟು ಎಂದು ಅನುಭವಿಸುವವರಿಗೂ ಗೊತ್ತಾಗುವುದಿಲ್ಲ. "ನಾನು ಮತ್ತೆ ಹಳೇ ಸ್ಥಿತಿಗೇ ಹೋಗುತ್ತಿದ್ದೇನೆ" ಎಂದು ಅವರು ಹೆದರುತ್ತಾರೆ. ಮಧ್ಯಾಹ್ನದ ಅರೆ ಊಟದಲ್ಲಿ ಹಸಿವು ತೀರುವುದಿಲ್ಲ. ಆ ಇಡೀ ದಿನದ ಬಾಕಿಯನ್ನು ದೇಹ ರಾತ್ರಿ ಹನ್ನೊಂದಕ್ಕೆ ವಸೂಲಿ ಮಾಡುತ್ತದೆ. ಹೊಟ್ಟೆ ಭಾರವಾಗಿ ಮಲಗಿದರೆ ನಿದ್ದೆ ಕೆಡುತ್ತದೆ, ಬೆಳಿಗ್ಗೆ ಹಸಿವಿರುವುದಿಲ್ಲ, ಮತ್ತೆ ಕಾಫಿ.

ಈ ಸುತ್ತನ್ನು ರಾತ್ರಿಯ ತುದಿಯಲ್ಲಿ ಮುರಿಯಲು ಎಲ್ಲರೂ ಹೋಗುತ್ತಾರೆ. ಚಿಪ್ಸ್ ಪೊಟ್ಟಣ ಬಚ್ಚಿಡುತ್ತಾರೆ, ಅಡುಗೆಮನೆಗೆ ಬೀಗ ಹಾಕುವವರೂ ಇದ್ದಾರೆ. ಅದು ಅವಮಾನ ಮಾಡಿದಂತೆ, ಫಲವೂ ಸಿಗುವುದಿಲ್ಲ. ಬೆಳಗಿನ ತುದಿಯಿಂದ ಹಿಡಿಯಿರಿ. ಎದ್ದ ಒಂದು ಗಂಟೆಯೊಳಗೆ ಏನಾದರೂ ಒಂದು, ಕಾಫಿಗಿಂತ ಮೊದಲು ಅಥವಾ ಕಾಫಿಯ ಜೊತೆಗೇ. ಒಂದು ಬಾಳೆಹಣ್ಣು ಮತ್ತು ಒಂದು ಹಿಡಿ ಕಡಲೆಕಾಯಿ ಬೀಜ, ಇಲ್ಲವೇ ಬೇಯಿಸಿದ ಒಂದು ಮೊಟ್ಟೆ, ಇಲ್ಲವೇ ಒಂದು ಲೋಟ ಹಾಲು. ಮೊದಲ ವಾರ ಅದರಲ್ಲಿ ಅರ್ಧ ತಿಂದರೂ ಲೆಕ್ಕಕ್ಕೆ ಬಂತು. ಖಿನ್ನತೆಯ ಕೆಲವು ಮಾತ್ರೆಗಳು ಶುರುವಿನ ವಾರಗಳಲ್ಲಿ ಹೊಟ್ಟೆ ತೊಳಸುವಂತೆ ಮಾಡುತ್ತವೆ. ಹಾಗೇನಾದರೂ ಇದ್ದರೆ ಒಣ ಬ್ರೆಡ್ಡಿನಂಥ ಸಪ್ಪೆ ತಿಂಡಿ ಒಗ್ಗುತ್ತದೆ, ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಎರಡನೇ ವಾರದಿಂದ ಮಧ್ಯಾಹ್ನದ ಊಟವನ್ನು ಒಂದು ಗಂಟೆಗೆ ತನ್ನಿ. ರಾತ್ರಿ ಎಂಟಕ್ಕೆ ಸರಿಯಾದ ಊಟ. ಹತ್ತರ ಹೊತ್ತಿಗೆ ಇನ್ನೊಂದು ಚಿಕ್ಕ ತಿಂಡಿಯನ್ನು ನೀವೇ ಎತ್ತಿಡಿ, ಅದು ಅವರ ಪಾಲಿನದು ಎಂದು ಹೇಳಿಬಿಡಿ. ಹಕ್ಕಿನಿಂದ ಸಿಗುವ ತಿಂಡಿಯನ್ನು ಯಾರೂ ಕತ್ತಲಲ್ಲಿ ನಿಂತು ಬಾಚಿ ತಿನ್ನುವುದಿಲ್ಲ.

ಕಾಫಿಯನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ. ದಿನಾ ಕುಡಿಯುವವರು ತಟ್ಟನೆ ಬಿಟ್ಟರೆ ತಲೆನೋವು, ಜಡತ್ವ, ಮಂಕು ಬರುತ್ತದೆ, ಅದನ್ನು ಕಾಯಿಲೆ ಮರುಕಳಿಸಿತು ಎಂದು ತಿಳಿದು ಹೌಹಾರುವವರಿದ್ದಾರೆ. ನಾಲ್ಕೈದು ದಿನಕ್ಕೆ ಒಂದೊಂದು ಲೋಟದಂತೆ ಇಳಿಸಿ. ಮಧ್ಯಾಹ್ನ ಎರಡರ ನಂತರ ಬೇಡವೇ ಬೇಡ. ಕುಡಿದ ಕೆಫೀನಿನ ಅರ್ಧಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿದ್ದನ್ನು 2013ರ ಒಂದು ಅಧ್ಯಯನ ತೋರಿಸಿತು. ಆರೋಗ್ಯವಂತ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ ಆ 400 ಮಿಲಿಗ್ರಾಂ. ಗಾಬರಿ, ಆತಂಕದ ತೊಂದರೆ ಇರುವವರಿಗೆ ಅದಕ್ಕಿಂತ ಬಹಳ ಕಡಿಮೆಯೂ ಹೆಚ್ಚಾಗಬಹುದು. ಚಹಾ, ಕೋಲಾ, ಎನರ್ಜಿ ಡ್ರಿಂಕುಗಳನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್ನು ರಾತ್ರಿಯ ಆ ಹೊಸ ಮಾತ್ರೆ. ಅದರ ಹೆಸರು ನೀವು ಬರೆದಿಲ್ಲ. ಮಿರ್ಟಾಜಪಿನ್, ಒಲಾಂಜಪಿನ್, ಕ್ವೆಟಿಯಾಪಿನ್‌ನಂಥ ಔಷಧಗಳು ಹಸಿವನ್ನು ಹೆಚ್ಚಿಸುವುದು ಚೆನ್ನಾಗಿ ಗೊತ್ತಿರುವ ವಿಷಯ. ತಿಂದು ಅರ್ಧ ಗಂಟೆಯಾಗಿರುವುದಿಲ್ಲ, ಊಟವೇ ಮಾಡಿಲ್ಲವೇನೋ ಎನ್ನುವಂಥ ಹಸಿವು. ಅದು ಹೊಟ್ಟೆಬಾಕತನವೂ ಅಲ್ಲ, ಮನಸ್ಸಿನ ಹತೋಟಿಯ ಕೊರತೆಯೂ ಅಲ್ಲ, ಔಷಧ ಮೆದುಳಿನಲ್ಲಿ ಮಾಡುವ ಕೆಲಸ. ಮನೆಯವರು ಇದನ್ನು ಅರ್ಥಮಾಡಿಕೊಂಡರೇ ಅರ್ಧ ಜಗಳ ನಿಲ್ಲುತ್ತದೆ. ಆ ಹಸಿವಿಗೆ ಚಿಪ್ಸಿಗಿಂತ ಮೊಸರು, ಬೇಯಿಸಿದ ಕಾಳು, ಮೊಟ್ಟೆ, ಹಣ್ಣು ಹೆಚ್ಚು ಹೊತ್ತು ತಡೆಯುತ್ತವೆ. ಏರುತ್ತಿರುವ ತೂಕವನ್ನು ಮನೋವೈದ್ಯರಿಗೆ ಅಂಕಿಯಲ್ಲೇ ಹೇಳಿ: ಮಾತ್ರೆ ಶುರುವಾದಾಗ ಎಷ್ಟಿತ್ತು, ಈಗ ಎಷ್ಟಿದೆ. ಪ್ರಮಾಣ ಬದಲಿಸುವುದು, ಬೇರೆ ಔಷಧ ಕೊಡುವುದು, ರಕ್ತದ ಸಕ್ಕರೆ ಮತ್ತು ಕೊಬ್ಬಿನಂಶ ನೋಡಿಸುವುದು ಅವರ ಕೈಯಲ್ಲಿದೆ. ಸುಮ್ಮನೆ "ಸ್ವಲ್ಪ ದಪ್ಪಗಾಗಿದ್ದಾನೆ" ಅಂದರೆ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಇನ್ನೊಂದು ವಿಷಯ ತಪ್ಪದೆ ಗಮನಿಸಿ. ರಾತ್ರಿ ತಿಂದದ್ದು ಬೆಳಿಗ್ಗೆ ಅವರಿಗೆ ನೆನಪೇ ಇರುವುದಿಲ್ಲವೇ? ಜೋಲ್ಪಿಡೆಮ್‌ನಂಥ ನಿದ್ದೆ ಮಾತ್ರೆಗಳಲ್ಲಿ ಅರೆನಿದ್ದೆಯಲ್ಲೇ ಎದ್ದು ತಿನ್ನುವುದು, ಒಲೆ ಹಚ್ಚುವುದು ಕೂಡ ಆಗಿದ್ದಿದೆ. ಹಾಗಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಏನು ತಿನ್ನಿಸಲಿ ಎಂದು ಕೇಳಿದ್ದೀರಿ. ಖಿನ್ನತೆ ಇರುವವರಿಗೆ ಅಡುಗೆಮನೆ ಹೇಗೆ ಕಾಣುತ್ತದೆ ಎಂದು ಮೊದಲು ಹೇಳುತ್ತೇನೆ. ಆರೋಗ್ಯವಾಗಿರುವ ನಮಗೆ "ಏನಾದರೂ ಮಾಡಿಕೊಂಡು ತಿನ್ನು" ಎನ್ನುವುದು ಒಂದು ಕೆಲಸ. ಅವರಿಗೆ ಅದು ಹತ್ತು ಕೆಲಸ. ಏನು ಮಾಡುವುದೆಂದು ತೀರ್ಮಾನಿಸಬೇಕು. ಫ್ರಿಜ್ ತೆಗೆದು ಏನಿದೆ ನೋಡಬೇಕು. ತರಕಾರಿ ತೊಳೆಯಬೇಕು. ಚಾಕು ಸಿಂಕಿನಲ್ಲಿ ಬಿದ್ದಿದೆ, ಅದನ್ನು ತೊಳೆಯಬೇಕು. ಹೆಚ್ಚಬೇಕು, ಒಲೆಯ ಮುಂದೆ ನಿಲ್ಲಬೇಕು, ನಡುವೆ ಮರೆಯಬಾರದು. ತಿಂದಾದ ಮೇಲೆ ಪಾತ್ರೆ. ಇದರಲ್ಲಿ ಒಂದು ಮೆಟ್ಟಿಲು ಎಡವಿದರೂ ಅವರು ಫ್ರಿಜ್ ಬಾಗಿಲು ಮುಚ್ಚಿ ಬಿಸ್ಕತ್ತು ಡಬ್ಬಿಯತ್ತ ತಿರುಗುತ್ತಾರೆ. ಅದನ್ನು ಸೋಮಾರಿತನ ಎನ್ನಬೇಡಿ. ತೀರ್ಮಾನ ಮಾಡುವ, ಮಾಡಿದ್ದನ್ನು ಮುಂದುವರಿಸುವ ಶಕ್ತಿಯನ್ನೇ ಈ ಕಾಯಿಲೆ ಮೊದಲು ಕಸಿಯುತ್ತದೆ. ಪೌಷ್ಟಿಕವಾದ ಪದಾರ್ಥ ಯಾವುದು ಎನ್ನುವುದಕ್ಕಿಂತ, ಪೌಷ್ಟಿಕವಾದದ್ದಕ್ಕೂ ಬಾಯಿಗೂ ನಡುವೆ ಎಷ್ಟು ಮೆಟ್ಟಿಲು ಇವೆ ಎನ್ನುವುದೇ ಈ ಹಂತದಲ್ಲಿ ನಾನು ನೋಡುವುದು.

ಹಾಗಾಗಿ ನಿಮ್ಮ ಶ್ರಮವನ್ನು ಮೆಟ್ಟಿಲು ಕಡಿಮೆ ಮಾಡುವುದಕ್ಕೆ ಖರ್ಚು ಮಾಡಿ. ನೀವು ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಅಮ್ಮನನ್ನೂ ನೋಡಿಕೊಳ್ಳಬೇಕು, ದಿನಕ್ಕೆ ಮೂರು ಹೊಸ ಅಡುಗೆ ನಿಮ್ಮಿಂದ ಆಗದು, ಬೇಕಾಗಿಯೂ ಇಲ್ಲ. ವಾರಕ್ಕೆ ಎರಡು ಸಲ ದೊಡ್ಡ ಪಾತ್ರೆಯಲ್ಲಿ ಕಾಳು ಬೇಯಿಸಿ ಒಂದೊಂದು ಹೊತ್ತಿಗೆ ಆಗುವಷ್ಟನ್ನು ಡಬ್ಬಿಗಳಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಎರಡು ದಿನಕ್ಕಿಂತ ಹೆಚ್ಚು ಇಡಬೇಕಾದ್ದನ್ನು ಫ್ರೀಜರಿಗೆ ಹಾಕಿ. ಮೊಟ್ಟೆ ತಿನ್ನುವ ಮನೆಯಾದರೆ ನಾಲ್ಕೈದನ್ನು ಒಟ್ಟಿಗೆ ಬೇಯಿಸಿ ಸಿಪ್ಪೆಸಮೇತ ಇಡಿ. ಹಣ್ಣು ತೊಳೆದು ಮೇಜಿನ ಮೇಲೆ, ಕಣ್ಣಿಗೆ ಬೀಳುವ ಜಾಗದಲ್ಲಿರಲಿ. ಮೊಸರು ಮುಂದಿನ ಸಾಲಿನಲ್ಲಿರಲಿ. ಹೆಚ್ಚಿ ಫ್ರೀಜ್ ಮಾಡಿದ ತರಕಾರಿ, ಡಬ್ಬಿಯ ಮೀನು, ಡಬ್ಬಿಯ ಕಾಳು ಬಳಸಲು ಹಿಂಜರಿಯಬೇಡಿ. "ತಾಜಾ ಅಲ್ಲ" ಎಂಬ ಗಿಲ್ಟು ಈಗ ಬೇಡ. ತಟ್ಟೆಯಲ್ಲಿ ಒಂದು ಧಾನ್ಯ, ಒಂದು ಕಾಳೋ ಮೊಟ್ಟೆಯೋ ಮೀನೋ ಮೊಸರೋ, ಒಂದು ತರಕಾರಿ ಅಥವಾ ಹಣ್ಣು ಬಿದ್ದರೆ ಆ ಹೊತ್ತಿನ ಊಟ ಆಯಿತು. ಚಿಪ್ಸ್, ಐಸ್‌ಕ್ರೀಮನ್ನು ಮನೆಯಿಂದ ಗಡೀಪಾರು ಮಾಡುವುದು ಬೇಡ, ಸುಲಭವಾಗಿ ಕೈಗೆ ಸಿಗುವ ಜಾಗದಿಂದ ಸರಿಸಿದರೆ ಸಾಕು. ಅಮೆರಿಕದ ಕೆವಿನ್ ಹಾಲ್ ತಂಡ 2019ರಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ಸಿದ್ಧವಾದ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟು ನೋಡಿತು. ಕ್ಯಾಲೊರಿ, ಸಕ್ಕರೆ, ಕೊಬ್ಬು ಎಲ್ಲ ಸರಿಸಮವಾಗಿಯೇ ಬಡಿಸಿದ್ದರೂ ಸಿದ್ಧ ತಿನಿಸಿನ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಆ ಪೊಟ್ಟಣಗಳ ಮುಂದೆ ಆರೋಗ್ಯವಂತರೇ ಸೋಲುತ್ತಾರೆ. ಹಸಿವು ಹೆಚ್ಚಿಸುವ ಮಾತ್ರೆ ನುಂಗುತ್ತಿರುವವರನ್ನು ಬೈದು ಪ್ರಯೋಜನವಿಲ್ಲ.

ಸಿಹಿಯ ವಿಷಯಕ್ಕೆ ಇಷ್ಟೇ: ಸಕ್ಕರೆ ಪಾನೀಯಗಳನ್ನು ಇಳಿಸಿದರೆ ದೊಡ್ಡ ಕೆಲಸ ಆದಂತೆ. ಉಳಿದ ಸಿಹಿಯನ್ನು ಊಟವಾದ ಮೇಲೆ ತಿನ್ನಲಿ. ಮದ್ಯ ಮಾತ್ರ ಪೂರ್ತಿ ಬೇಡ. ಅದು ರಾತ್ರಿಯ ಎರಡನೇ ಅರ್ಧದ ನಿದ್ದೆ ಕೆಡಿಸುತ್ತದೆ, ಮರುದಿನದ ಮಂಕನ್ನು ಹೆಚ್ಚಿಸುತ್ತದೆ, ನಿದ್ದೆ ತರುವ ಮಾತ್ರೆಗಳ ಜೊತೆ ಸೇರಿದರೆ ಅಪಾಯಕಾರಿ.

ಎರಡನೆಯ ನೆಂಟರ ಸಲಹೆ ಪೂರಕಗಳದ್ದು, ಅಂದರೆ ವಿಟಮಿನ್ ಡಿ ಮತ್ತು ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಂಶದ ಮಾತ್ರೆಗಳದ್ದು. 18 ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಐದು ವರ್ಷ ಗಮನಿಸಿದ 'ವೈಟಲ್' ಎಂಬ ಅಧ್ಯಯನದಲ್ಲಿ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಆಗಲಿ, 1 ಗ್ರಾಂ ಒಮೆಗಾ-3 ಆಗಲಿ ಖಿನ್ನತೆಯನ್ನು ತಡೆಯಲಿಲ್ಲ. ಒಮೆಗಾ-3ರಲ್ಲಿ ಇಪಿಎ ಎಂಬ ಅಂಶ ಹೆಚ್ಚಿರುವ ಪೂರಕವನ್ನು ಖಿನ್ನತೆಯ ಮಾತ್ರೆಯ ಜೊತೆಗೆ ಕೊಟ್ಟರೆ ಕೆಲವರಿಗೆ ಒಂದಿಷ್ಟು ಅನುಕೂಲವಾಗುತ್ತದೆ ಎನ್ನುವುದಕ್ಕೆ ಆಧಾರವಿದೆ, ಅದೂ ಜೊತೆಗೆ ಮಾತ್ರ. ವಿಟಮಿನ್ ಡಿ ರಕ್ತಪರೀಕ್ಷೆಯಲ್ಲಿ ಕಡಿಮೆ ಕಂಡರೆ ಕೊಡಬೇಕು, ಊಹೆಯ ಮೇಲೆ ದೊಡ್ಡ ಡೋಸ್ ನುಂಗಿಸಬಾರದು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ ತರುತ್ತದೆ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯನ್ನೋ, 5-ಎಚ್‌ಟಿಪಿ ಎಂಬ ಪೂರಕವನ್ನೋ ಯಾರಾದರೂ "ನೈಸರ್ಗಿಕ" ಎಂದು ತಂದುಕೊಟ್ಟರೆ ತೆಗೆದುಕೊಳ್ಳಬೇಡಿ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿ, ನರಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕ ವಿಪರೀತ ಏರಿದರೆ ಜೀವಕ್ಕೇ ಸಂಚಕಾರ.

ಸೆರೊಟೋನಿನ್ ಎಂದಾಗ ಇನ್ನೊಂದು ಮಾತು ನೆನಪಾಯಿತು. "ದೇಹದ ಶೇ 90ರಷ್ಟು ಸೆರೊಟೋನಿನ್ ಹೊಟ್ಟೆಯಲ್ಲೇ ತಯಾರಾಗುತ್ತದೆ, ಆದ್ದರಿಂದ ಹೊಟ್ಟೆ ಸರಿಯಾದರೆ ಖಿನ್ನತೆ ಹೋಗುತ್ತದೆ" ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಮೊದಲರ್ಧ ನಿಜ. ಆದರೆ ಕರುಳಿನಲ್ಲಿ ಹುಟ್ಟಿದ ಸೆರೊಟೋನಿನ್ ರಕ್ತದಿಂದ ಮೆದುಳಿನೊಳಗೆ ದಾಟುವುದಿಲ್ಲ, ಮೆದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಕಚ್ಚಾವಸ್ತು ಹಾಲು, ಮೊಟ್ಟೆ, ಕಾಳು, ಬೀಜಗಳಂಥ ಪ್ರೋಟೀನಿರುವ ಆಹಾರದಿಂದ ಸಿಗುತ್ತದೆ. ಕರುಳಿನ ಸೂಕ್ಷ್ಮಜೀವಿಗಳಿಗೂ ಮನಸ್ಸಿಗೂ ಇರುವ ನಂಟಿನ ಬಗ್ಗೆ ಸಂಶೋಧನೆ ನಡೆಯುತ್ತಿದೆ, ಆದರೆ ದುಬಾರಿ ಪ್ರೋಬಯೋಟಿಕ್ ಪೊಟ್ಟಣ ಕೊಳ್ಳಿ ಎಂದು ನಾನು ನಿಮಗೆ ಹೇಳಲಾರೆ. ನಾರಿನಂಶವಿರುವ ಕಾಳು, ತರಕಾರಿ, ಮೊಸರು ಸಾಕು.

ಪೂರಕಕ್ಕೆ ಕೊಡುವ ದುಡ್ಡನ್ನು ನಾನಾದರೆ ರಕ್ತಪರೀಕ್ಷೆಗೆ ಕೊಡುತ್ತಿದ್ದೆ. ಬಿ12 ಕೊರತೆಯಿಂದ ಸುಸ್ತು, ಮರೆವು, ಮಂಕು, ಕೈಕಾಲು ಜುಮ್ಮೆನ್ನುವುದು ಬರುತ್ತದೆ. ಅದು ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ, ಆದ್ದರಿಂದ ಮಾಂಸ, ಮೊಟ್ಟೆ ತಿನ್ನದವರು, ಹಾಲೂ ಕಡಿಮೆ ಕುಡಿಯುವವರು ನೋಡಿಸಲೇಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಎದೆಯುರಿಗೆ ಗ್ಯಾಸ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲೂ ಅದು ಇಳಿಯುತ್ತದೆ. ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಂಡು ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಕಬ್ಬಿಣದ ಕೊರತೆಯ ಆಯಾಸ, ಥೈರಾಯ್ಡ್ ಕಡಿಮೆಯಾದಾಗಿನ ಜಡತ್ವ ಎರಡೂ ಖಿನ್ನತೆಯ ಹಾಗೇ ಕಾಣುತ್ತವೆ, ಇರುವ ಖಿನ್ನತೆಯನ್ನು ಎಳೆದಾಡಿಸುತ್ತವೆ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಕಾಳು, ಸೊಪ್ಪಿನ ಕಬ್ಬಿಣ ಅಷ್ಟಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಲಿ.

ನಿಮ್ಮ ತಮ್ಮನಿಗೆ ಸಂಬಂಧಿಸದೆಯೂ ಇರಬಹುದು, ಆದರೆ ಇದನ್ನು ಓದುವ ಬೇರೆಯವರಿಗಾಗಿ ನಾಲ್ಕು ಮಾತು. ಮನಸ್ಥಿತಿಯ ಏರಿಳಿತಕ್ಕೆ ಕೊಡುವ ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುವವರು ಉಪ್ಪನ್ನು ತಟ್ಟನೆ ಕಡಿಮೆ ಮಾಡಬಾರದು, ನೀರು ಬಿಡಬಾರದು, ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ವಾಂತಿ ಭೇದಿಯಾದಾಗಲೂ ಅದೇ ಅಪಾಯ. ಲುರಾಸಿಡೋನ್ ಎಂಬ ಮನೋರೋಗದ ಮಾತ್ರೆ ಕನಿಷ್ಠ 350 ಕ್ಯಾಲೊರಿಯ ಊಟದ ಜೊತೆ ಹೋಗಬೇಕು, ಖಾಲಿ ಹೊಟ್ಟೆಗೆ ನುಂಗಿದರೆ ಸುಮಾರು ಅರ್ಧದಷ್ಟೇ ಮೈಗೆ ಸೇರುತ್ತದೆ. ಕ್ಲೋಜಪಿನ್ ಎಂಬ ಇನ್ನೊಂದು ಮನೋರೋಗದ ಔಷಧ ಇರುವವರು ಕಾಫಿಯ ಪ್ರಮಾಣವನ್ನು ಒಮ್ಮೆಲೇ ಏರಿಸುವುದು, ಇಳಿಸುವುದು ಮಾಡಬಾರದು, ಮಲಬದ್ಧತೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎಂಎಒಐ ಎಂಬ ಹಳೆಯ ಬಗೆಯ ಔಷಧ ಇದ್ದರೆ ಹಳತು ಮಾಡಿದ ಚೀಸ್ ಮತ್ತು ಬಹುಕಾಲ ಹುದುಗಿಸಿದ ಪದಾರ್ಥಗಳು ರಕ್ತದೊತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸುತ್ತವೆ. ತಿಂದದ್ದನ್ನು ಬೇಕೆಂದೇ ಕಕ್ಕುವ, ತಿನ್ನಲು ಹೆದರುವ ಕಾಯಿಲೆ ಇರುವವರಿಗೆ ನಾನು ಇಲ್ಲಿ ಹೇಳಿದ ಯಾವ ನಿಯಮವನ್ನೂ ಮನೆಯವರೇ ಅನ್ವಯಿಸಲು ಹೋಗಬಾರದು. ಅವರಿಗೆ ಬೇರೆಯದೇ ಆರೈಕೆ ಬೇಕು.

ಊಟಕ್ಕೆ ಕೂತಾಗ ಮನೆಯವರು ನಡೆದುಕೊಳ್ಳುವ ರೀತಿ ಎಷ್ಟು ಮುಖ್ಯ ಎನ್ನುವುದನ್ನು ಯಾವ ಅಧ್ಯಯನದ ಅಂಕಿಯಲ್ಲೂ ತೋರಿಸಲಾರೆ, ಆದರೆ ಕೆಲಸದಲ್ಲಿ ದಿನವೂ ನೋಡುತ್ತೇನೆ. ಅಕ್ಕ ಎದುರಿಗೆ ಕೂತು ತಟ್ಟೆಯನ್ನೇ ನೋಡುತ್ತಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. "ಅಷ್ಟೇನಾ?", "ಇನ್ನೊಂದು ಚೂರು", "ನಿನಗೋಸ್ಕರ ಮಾಡಿದ್ದು ಕಣೋ" ಎಂಬ ಮಾತುಗಳು ಪ್ರೀತಿಯಿಂದಲೇ ಬಂದರೂ, ತಾನು ಎಲ್ಲರಿಗೂ ಭಾರ ಎಂದು ಆಗಲೇ ನಂಬಿರುವವರ ಕಿವಿಗೆ ಬೇರೆಯೇ ಆಗಿ ಕೇಳುತ್ತವೆ. "ಏನು ತಿಂತೀಯ?" ಎಂದು ಕೇಳಿದರೆ "ಏನೂ ಬೇಡ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಮೊಟ್ಟೆ ಇಡಲಾ, ಮೊಸರು ಇಡಲಾ?" ಎಂದು ಕೇಳಿ ನೋಡಿ, ಎರಡರಲ್ಲಿ ಒಂದನ್ನು ಆರಿಸುವುದು ಆಗುತ್ತದೆ. ಬೇಡ ಅಂದರೆ ಮುಚ್ಚಿಟ್ಟು, "ಇಲ್ಲಿಟ್ಟಿರ್ತೀನಿ" ಎಂದಷ್ಟೇ ಹೇಳಿ ನಿಮ್ಮ ಊಟ ಮುಂದುವರಿಸಿ. ದಿನಕ್ಕೆ ಒಂದು ಹೊತ್ತಾದರೂ ಒಟ್ಟಿಗೆ ಕೂರಿ, ಕಾಯಿಲೆ ಬಿಟ್ಟು ಬೇರೆ ಏನನ್ನಾದರೂ ಮಾತಾಡಿ. ತೂಕದ ಬಗ್ಗೆ, ಹೊಟ್ಟೆಯ ಬಗ್ಗೆ ಮನೆಯಲ್ಲಿ ಯಾರೂ ತಮಾಷೆಗೂ ಆಡದಂತೆ ನೋಡಿಕೊಳ್ಳಿ, ಆ ನೆಂಟರಿಗೂ ಹೇಳಿ.

ಇಡೀ ಹೊರೆ ನೀವೊಬ್ಬರೇ ಹೊರಬೇಡಿ. ಅವರಿಗೂ ಒಂದು ಕೆಲಸ ಕೊಡಿ, ಚಿಕ್ಕದು, ಮುಗಿಸಬಹುದಾದದ್ದು. ರಾತ್ರಿ ಕಾಳು ನೆನೆಹಾಕುವುದು, ಹಣ್ಣು ತೊಳೆದಿಡುವುದು. ಒಂದು ದಿನ ಮಾಡದಿದ್ದರೆ ಸುಮ್ಮನಿರಿ, ಮರುದಿನ ಮತ್ತೆ ಅವರ ಪಾಲಿಗೇ ಬಿಡಿ. ಹತ್ತು ದಿನದಲ್ಲಿ ಮುಖ ಅರಳಲಿಲ್ಲ ಎಂದು ಕೈಬಿಡಬೇಡಿ. ನಾನು ಹೇಳಿದ ಆ 'ಸ್ಮೈಲ್ಸ್' ಅಧ್ಯಯನವೂ 12 ವಾರಗಳದ್ದು. ಮೊದಲು ಬದಲಾಗುವುದು ಸಾಮಾನ್ಯವಾಗಿ ಮಧ್ಯಾಹ್ನದ ಆ ನಡುಕ ಮತ್ತು ರಾತ್ರಿಯ ನಿದ್ದೆ, ಮನಸ್ಸು ಅದರ ಹಿಂದೆ ನಿಧಾನಕ್ಕೆ ಬರುತ್ತದೆ.

ಊಟದ ಸಲಹೆಯನ್ನೆಲ್ಲ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ಒಂದು ದಿನ ಪೂರ್ತಿ ನೀರೂ ಬೇಡವೆಂದರೆ, ಊಟದಲ್ಲಿ ಯಾರೋ ಏನೋ ಬೆರೆಸಿದ್ದಾರೆ ಎಂದರೆ, ಕೆಲವೇ ವಾರಗಳಲ್ಲಿ ತೂಕ ಸರ್ರನೆ ಇಳಿದರೆ, ಸಾಯುವ ಮಾತಾಡಿದರೆ ಕಾಯಬೇಡಿ. ನಾಲ್ಕೈದು ದಿನ ಏನೂ ತಿನ್ನದಿದ್ದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣ್ಣಿಸುವುದೂ ಅಪಾಯ. ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು, ಅಂಥವರಿಗೆ ಊಟ ಶುರುಮಾಡುವುದು ವೈದ್ಯರ ಎದುರೇ ಆಗಬೇಕು.

ಮುಂದಿನ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಎರಡೂ ಮಾತ್ರೆಗಳ ಹೆಸರು ಮತ್ತು ನುಂಗುವ ಹೊತ್ತು, ಆಗಿನ ತೂಕ ಮತ್ತು ಈಗಿನ ತೂಕ, ಒಂದು ವಾರ ಅವರು ತಿಂದ, ಮಲಗಿದ, ಎದ್ದ ಸಮಯ, ದಿನಕ್ಕೆ ಎಷ್ಟು ಲೋಟ ಕಾಫಿ. ಆ ಹಾಳೆಯನ್ನು ತಮ್ಮನ ಜೊತೆಯಲ್ಲೇ ಕೂತು ಬರೆಯಿರಿ, ವೈದ್ಯರ ಕೈಗೆ ಅವರೇ ಕೊಡಲಿ. ಬಿ12, ಕಬ್ಬಿಣ, ವಿಟಮಿನ್ ಡಿ, ಥೈರಾಯ್ಡ್, ರಕ್ತದ ಸಕ್ಕರೆ, ಕೊಬ್ಬಿನಂಶ ಇವುಗಳಲ್ಲಿ ಯಾವುದನ್ನು ನೋಡಿಸಬೇಕು ಎಂದು ಕೇಳಿ. ರಾತ್ರಿಯ ಮಾತ್ರೆಯನ್ನು ಎಂಟರ ಊಟದ ನಂತರವೇ ತೆಗೆದುಕೊಂಡು ಬೇಗ ಮಲಗಬಹುದೇ ಎಂದೂ ಕೇಳಿ. ಅವರು ಒಪ್ಪಿದರೆ ಹನ್ನೊಂದು ಗಂಟೆಯ ಹಸಿವಿನ ಹೊತ್ತಿಗೆ ನಿಮ್ಮ ತಮ್ಮ ನಿದ್ದೆಯಲ್ಲಿರುತ್ತಾರೆ.